ಕ್ಲೆಮ್ ಗ್ಯಾರಿಟಿಯ ಬಾಡಿಗೆ ಮನೆ

ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದ ದಕ್ಕೆಯಲ್ಲಿ ಕ್ಲೆಮ್ ಗ್ಯಾರಿಟಿ ಹೆಸರು ಮಾಡಿದ್ದು ಮುಷ್ಟಿಯಿಂದ. ದೊಡ್ಡ ಮುಷ್ಕರದಲ್ಲಿ ಗೇಟಿಗೆ ಅಡ್ಡ ನಿಂತಿದ್ದ ನಮ್ಮ ಸಾಲು ಮುರಿದು ಒಳನುಗ್ಗಿದ ಲಾರಿ ಡ್ರೈವರನನ್ನು ಕಿಟಕಿಯಿಂದ ಹೊರಗೆಳೆದು, ಮುಂದಿನ ಹಲ್ಲುಗಳನ್ನು ಟಾರಿನ ಮೇಲೆ ಉದುರಿಸಿದ್ದ. ಜೈಲೂಟ ಉಂಡು ಬಂದವನಿಗೆ ಯಾವ ಪಬ್ಬಿನವನೂ ಬಿಯರಿಗೆ ಕಾಸು ಕೇಳಲಿಲ್ಲ. ಮುಷ್ಕರದ ಸಾಲು ಅಂದರೆ ನಮ್ಮೂರಲ್ಲಿ ಹಾಗೆ. ದಾಟಿದವನ ಹೆಣಕ್ಕೆ ಹೆಗಲು ಕೊಡುವವರಿಲ್ಲ.

ಅರವತ್ತು ದಾಟಿದ ಮೇಲೆ ಕ್ಲೆಮ್‌ನ ಸೊಂಟ ಕೈಕೊಟ್ಟಿತು. ನಿವೃತ್ತಿ ನಿಧಿಯನ್ನು ಪೂರ್ತಿ ಬಾಚಿ, ವಾಸದ ಮನೆಯನ್ನೂ ಬ್ಯಾಂಕಿಗೆ ಅಡವಿಟ್ಟು, ಹಿಂದಿನ ಬೀದಿಯಲ್ಲೊಂದು ಹಳೇ ಮನೆ ಕೊಂಡ. ಬಾಡಿಗೆಯಲ್ಲಿ ಕಂತು ತೀರುತ್ತದೆ, ಆಮೇಲೆ ಆ ಮನೆಯೇ ತನ್ನನ್ನೂ ಹೆಂಡತಿ ನೋಲಾಳನ್ನೂ ಸಾಕುತ್ತದೆ ಅಂತ ಅವನ ಲೆಕ್ಕ. ಬಡ್ಡಿ ಏರಿದರೆ, ಛಾವಣಿ ಸೋರಿದರೆ, ಬಾಡಿಗೆ ನಿಂತರೆ ಅಂತ ಬಿಡಿಗಾಸೂ ಎತ್ತಿಡಲಿಲ್ಲ. ಮನೆ ಕೊಟ್ಟಿದ್ದು ಮುಷ್ಕರದಲ್ಲಿ ತನ್ನ ಪಕ್ಕ ನಿಂತು ಪೊಲೀಸರ ಏಟು ತಿಂದಿದ್ದ ರಿಸ್ತೊಗೆ. ಗೆಳೆಯನ ಹತ್ತಿರ ಮುಂಗಡ ಕೇಳುವುದು ಅವಮಾನ ಅಂದುಕೊಂಡ.

ಬಡ್ಡಿ ಏರಿತು. ಕ್ಲೆಮ್ ಬಾಡಿಗೆ ಏರಿಸಿದ. ಕ್ರೇನಿನ ಕೆಲಸ ಕಳಕೊಂಡಿದ್ದ ರಿಸ್ತೊ ಹಳೇ ಬಾಡಿಗೆಯನ್ನೂ ನಿಲ್ಲಿಸಿದ. ಒಂದು ಸಂಜೆ ಕ್ಲೆಮ್ ಹೋಗಿ ಬಾಗಿಲು ಒದ್ದ. ರಿಸ್ತೊ ಸ್ಪ್ಯಾನರ್ ಬೀಸಿ ಅವನ ಹುಬ್ಬು ಸೀಳಿದ.

"ಮೊದ್ಲು ಛಾವಣಿ ಸರಿ ಮಾಡಿಸೋ, ಮಾಲೀಕ!"

"ಮಾಲೀಕ ಗೀಲೀಕ ಅಂದ್ರೆ ನಾಲಿಗೆ ಕಿತ್ತುಬಿಡ್ತೀನಿ!"

"ಮತ್ತೇನನ್ಲಿ? ಕಾಮ್ರೇಡ್ ಅನ್ಲಾ?"

ಮನೆಯಲ್ಲಿ ನೋಲಾ ಗಾಯಕ್ಕೆ ಬಟ್ಟೆ ಒತ್ತಿದಳು, ಬೇಕಂತಲೇ ಜೋರಾಗಿ. "ಇನ್ನೊಂದು ಕಂತು ತಪ್ಪಿದ್ರೆ ನಾವೂ ಬೀದಿಗೆ ಬೀಳ್ತೀವಿ. ಅವನನ್ನ ಹೊರಗೆ ಹಾಕು. ನಿನ್ನ ಗೆಳೆತನ ಬೇಯಿಸ್ಕೊಂಡು ತಿನ್ನಕ್ಕಾಗಲ್ಲ."

ಖಾಲಿ ಮಾಡಿಸಲು ಆದೇಶ ಸಿಕ್ಕಿತು. ಸರ್ಕಾರದ ಆಳುಗಳು ಬರುವವರೆಗೆ ಕಾಯುವ ತಾಳ್ಮೆ ಕ್ಲೆಮ್‌ಗೆ ಇರಲಿಲ್ಲ. ಬೀಗ ಒಡೆಯುವ ಗಟ್ಟಿ ಆಳೊಬ್ಬನನ್ನು ಬಾಡಿಗೆಗೆ ಹಿಡಿದು ಬೆಳಿಗ್ಗೆಯೇ ಹೊರಟ.

ಗೇಟಿನ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಉರಿಯುತ್ತಿತ್ತು. ಮಡಚುವ ಕುರ್ಚಿ ಹಾಕಿಕೊಂಡು ಹಳೇ ದಕ್ಕೆಯವರೆಲ್ಲ ಕೂತಿದ್ದರು. ನಡುವೆ, ಮುಷ್ಕರದುದ್ದಕ್ಕೂ ಅವರಿಗೆಲ್ಲ ಸೂಪು ಬೇಯಿಸಿ ಹಾಕಿದ್ದ ಬೆರಿಲ್. ಅವಳಿಗೀಗ ಎಂಬತ್ತರ ಹತ್ತಿರ.

"ಬಾರೋ ಕ್ಲೆಮ್, ಟೀ ಕುಡಿ," ಅಂದಳು. "ಆದ್ರೆ ಈ ಸಾಲು ದಾಟಬೇಡ."

"ಇದು ನನ್ನ ಮನೆ, ಬೆರಿಲ್! ನನ್ನ ಮುಪ್ಪಿನ ಅನ್ನ!"

"ಗೊತ್ತು ಕಣೋ. ಯಾವ ಮಾಲೀಕ ಬೇರೆ ಏನಾದ್ರೂ ಹೇಳಿದ್ದಾನೆ?"

ಕ್ಲೆಮ್ ಹೆಜ್ಜೆ ಕೀಳಲಿಲ್ಲ. ಬೀಗದವನಿಗೆ ಬೇಜಾರಾಯಿತು. "ಈ ಮುದಿಗೂಬೆಗಳಿಗೆಲ್ಲ ಹೆದರ್ತೀರಾ?" ಅನ್ನುತ್ತ ಬೆರಿಲ್‌ಳನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ ಸಾಲು ದಾಟಿದ.

ಕ್ಲೆಮ್ ಯೋಚಿಸಲಿಲ್ಲ. ಯೋಚಿಸಿದ್ದರೆ ಮನೆ ಉಳಿಯುತ್ತಿತ್ತು. ಬೀಗದವನ ಕಾಲರ್ ಹಿಡಿದು ತಿರುಗಿಸಿ ದವಡೆಗೆ ಬಿಟ್ಟ. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನು ಎದ್ದು ಕಬ್ಬಿಣದ ಸಲಾಕೆ ಬೀಸಿದ. ಕ್ಲೆಮ್‌ನ ಪಕ್ಕೆಲುಬು ಮುರಿಯಿತು. ರಿಸ್ತೊ ಒಳಗಿಂದ ಓಡಿಬಂದು ಆಳಿನ ಬೆನ್ನಿಗೆ ಕುರ್ಚಿ ಒಡೆದ. ಡ್ರಮ್ಮು ಉರುಳಿ ಕೆಂಡ ಚೆಲ್ಲಿತು. ಬಿದ್ದ ಆಳನ್ನು ಕ್ಲೆಮ್ ಒದೆಯುತ್ತಲೇ ಇದ್ದ. ಪೊಲೀಸರು ಬಂದು ಎಳೆದ ಮೇಲೂ ಕಾಲು ನಿಲ್ಲಲಿಲ್ಲ.

ಕೇಸು, ದಂಡ, ಆಳಿನ ಆಸ್ಪತ್ರೆಯ ಖರ್ಚು. ಬ್ಯಾಂಕು ಎರಡೂ ಮನೆ ಮಾರಿಕೊಂಡಿತು. ಹೊಸ ಮಾಲೀಕ ನಾಯಿ, ಕಾವಲಿನವರನ್ನು ತಂದು ಒಂದೇ ಗಂಟೆಯಲ್ಲಿ ರಿಸ್ತೊನನ್ನು ಹೊರಗೆ ಎಸೆದ. ಆ ದಿನ ಯಾರೂ ಕುರ್ಚಿ ಹಾಕಲಿಲ್ಲ.

ನೋಲಾ ತಂಗಿಯ ಮನೆಗೆ ಹೊರಟಳು. "ಹೊಡೀಲೇಬೇಕು ಅಂತಿದ್ರೆ ರಿಸ್ತೊಗೆ ಹೊಡೀಬೇಕಿತ್ತು," ಅಂದಳು. "ನೀನು ಕಾಸು ಕೊಟ್ಟು ಕರ್ಕೊಂಡ್ಹೋದವನಿಗೇ ಹೊಡೆದ್ಯಲ್ಲೋ!"

"ಅವನು ಸಾಲು ದಾಟಿದ."

"ನೀನೇ ತಾನೇ ದಾಟಿಸಿದ್ದು?"

ಕ್ಲೆಮ್ ಅವಳ ಪೆಟ್ಟಿಗೆಯನ್ನು ಕಾರಿಗೆ ಎತ್ತಿಹಾಕಲು ಹೋದ. ಇನ್ನೂ ಕೂಡಿಕೊಳ್ಳದ ಪಕ್ಕೆಲುಬು ಚುಚ್ಚಿ ಅಲ್ಲೇ ಕುಸಿದ. ನೋಲಾ ಪೆಟ್ಟಿಗೆಯನ್ನು ತಾನೇ ಎತ್ತಿ ಹಾಕಿಕೊಂಡು ಹೋದಳು.