ಬಾನೆಟ್ಟಿನ ಮುಂದೆ ನಿಂತವರು

ಡ್ರೈವರಣ್ಣನ ಎರಡೂ ಅಂಗಾಲುಗಳು ಇಂಜಿನ್ ಎಣ್ಣೆ ಕುಡಿದು ಕುಡಿದು ಹಳೇ ಚರ್ಮದ ಹಾಗೆ ಕಪ್ಪಗೆ ಮಿರುಗುತ್ತಿದ್ದವು. ಚಪ್ಪಲಿ ಹಾಕಿಕೊಂಡು ಅವರು ಕಾರು ಓಡಿಸಿದ್ದನ್ನು ನಾನು ನೋಡಿಯೇ ಇಲ್ಲ. ಮದ್ದೂರಿನ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಸೀಟಿನಡಿಗೆ ತಳ್ಳಿ, ಗಾಡಿ ಸ್ಟಾರ್ಟ್ ಮಾಡಿ, ಬರಿಗಾಲನ್ನು ಪೆಡಲಿನ ಮೇಲಿಟ್ಟು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರು. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅದು ಎಪ್ಪತ್ತರ ದಶಕದ ಮಾತು. ಅಪ್ಪ ಹೋದ ಮೇಲೆ ನಾನು ಮದ್ದೂರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಕೆಲಸ ಮಳವಳ್ಳಿಯ ಹೈಸ್ಕೂಲಿನಲ್ಲಿ. ಬೆಳಗಿನ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಲ್ಲಲೂ ಜಾಗ ಸಿಗದೆ, ಸೀಟಿನ ಲೆಕ್ಕದಲ್ಲಿ ಜನ ತುಂಬಿಕೊಂಡು ಹೋಗುವ ಅವರ ಟ್ಯಾಕ್ಸಿ ಹಿಡಿದೆ. ನನ್ನ ವಯಸ್ಸಿಗಿಂತ ಕಾರಿನ ವಯಸ್ಸು ಬಹಳ ಕಮ್ಮಿಯೇನಿರಲಿಲ್ಲ. ಹಿಂದಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಬೇಕಿತ್ತು. ಮುಂದಿನ ಸೀಟು ಮಾತ್ರ ನನಗೇ ಮೀಸಲು. ಯಾರಾದರೂ ಕೂರಲು ಹೋದರೆ "ಅದು ಟೀಚ್ರಮ್ಮನ ಸೀಟು, ಇಂದಕ್ಕೋಗು" ಎಂದು ಗದರುತ್ತಿದ್ದರು. ಎಲ್ಲರಿಗೂ ಅವರು ಡ್ರೈವರಣ್ಣ. ನನಗೂ ಅಷ್ಟೇ.

ಅಣ್ಣನ ಮನೆಯಲ್ಲಿ ನನ್ನನ್ನು ಯಾರೂ ನೋಯಿಸಲಿಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದರು, ಹಬ್ಬಕ್ಕೆ ಸೀರೆ ತರುತ್ತಿದ್ದರು. ಆದರೆ ನಾನು ಏನಾದರೂ ಹೇಳಲು ಶುರುಮಾಡಿದರೆ ಅತ್ತಿಗೆ ಅಕ್ಕಿ ಆರಿಸುತ್ತಲೇ ಹೂಂಗುಟ್ಟುತ್ತಿದ್ದಳು, ಅಣ್ಣ ಪೇಪರಿನ ಹಾಳೆ ತಿರುಗಿಸುತ್ತಿದ್ದ. ನನ್ನನ್ನು ನೋಡಲು ಬರುವ ಗಂಡಿನ ಕಡೆಯವರೂ ಬರುವುದು ನಿಂತ ಮೇಲೆ ಆ ಮನೆಯಲ್ಲಿ ನನ್ನ ವಿಷಯ ಮಾತಾಡಲು ಏನೂ ಉಳಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ.

ಕಾರಿನಲ್ಲಿ ಹಾಗಲ್ಲ. ನಾನು ಬಾಯಿ ತೆರೆದರೆ ಸಾಕು, ಡ್ರೈವರಣ್ಣ ಗಾಡಿ ನಿಧಾನ ಮಾಡುತ್ತಿದ್ದರು. "ಈ ಕಡೀಕ್ ತಿರೀಕಂಡ್ ಏಳಿ ಟೀಚ್ರಮ್ಮ" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಎದುರಿಗೆ ಕಬ್ಬಿನ ಗಾಡಿ ಬರುತ್ತಿದ್ದರೆ ಅದು ದಾಟುವವರೆಗೂ ನನ್ನ ಮಾತನ್ನು ಕೈಯೆತ್ತಿ ನಿಲ್ಲಿಸಿ, ಆಮೇಲೆ "ಊಂ, ಮುಂದ್ಕ್ ಏಳಿ" ಎನ್ನುತ್ತಿದ್ದರು. ಶಾಲೆಯ ಹುಡುಗಿಯರ ಕತೆ, ಹೆಡ್‌ಮಿಸ್ಟ್ರೆಸ್ಸಿನ ಸಿಡುಕು, ಅತ್ತಿಗೆ ಮಾಡಿದ ಉಪ್ಪಿಲ್ಲದ ಸಾರು, ಎಲ್ಲವನ್ನೂ ಅವರಿಗೆ ಹೇಳಿದ್ದೇನೆ. ಎಷ್ಟು ಒಳ್ಳೆಯ ಕೇಳುಗರು ಎಂದು ಬೀಗುತ್ತಿದ್ದೆ.

ಒಂದು ದಿನ ಹಿಂದಿನಿಂದ ಬಂದ ಬಸ್ಸು ಹಾರ್ನ್ ಒತ್ತಿಯೇ ಒತ್ತಿತು. ಹಿಂದೆ ಕೂತವರು ಕಿವಿ ಮುಚ್ಚಿಕೊಂಡರು. ಡ್ರೈವರಣ್ಣ ನಡುರಸ್ತೆಯಲ್ಲಿ ನೆಮ್ಮದಿಯಾಗಿ ಸಾಗುತ್ತಲೇ ಇದ್ದರು, ಕನ್ನಡಿಯಲ್ಲಿ ಬಸ್ಸು ಕಂಡ ಮೇಲಷ್ಟೇ ಬೆಚ್ಚಿ ಪಕ್ಕಕ್ಕೆ ಸರಿದರು. "ಕಾಯ್ಲಿ ಬುಡಿ, ಏನ್ ಅರ್ಜೆಂಟು ಅವ್ನಿಗೆ" ಎಂದು ನಕ್ಕರು. ಉಳಿದವರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಾತನ್ನು ಅವರು ಇಷ್ಟು ದಿನ ಕೇಳುತ್ತಿರಲಿಲ್ಲ, ತುಟಿ ನೋಡಿ ಓದುತ್ತಿದ್ದರು ಎಂದು ಆಗ ತಿಳಿಯಿತು.

ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕಿವಿ ಕೇಳದವರ ಗಾಡಿಗೆ ಯಾರು ಹತ್ತುತ್ತಾರೆ? ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಕಾರು ನಿಂತರೆ ಅವರ ಮನೆಗೆ ಬಂದು ಏನಯ್ಯಾ ಎನ್ನುವವರು ಒಬ್ಬರೂ ಇರಲಿಲ್ಲ. ಹಿಂದಿನ ಸೀಟಿನ ಗಲಾಟೆ ಅವರ ಕಿವಿಗೆ ಬೀಳದಿದ್ದರೂ ಕನ್ನಡಿಯಲ್ಲಿ ಆ ಮುಖಗಳನ್ನು ಆಗಾಗ ನೋಡಿ ತಾವೂ ನಗುತ್ತಿದ್ದರು. ಅಷ್ಟು ಜನಸಂಗ ಅವರಿಗೆ ಬೇಕಿತ್ತು. ಅದು ಎಷ್ಟು ಬೇಕಾಗುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಆ ಸದ್ದು ಶುರುವಾಯಿತು. ಗಾಡಿ ಸ್ಟಾರ್ಟ್ ಆದ ಕೂಡಲೇ ಇಂಜಿನ್ನಿನ ಮುಂಭಾಗದಲ್ಲಿ, ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಹಾಕಿ ಅಲ್ಲಾಡಿಸಿದಂತೆ ಚರಚರ. ಮೊದಲು ಸ್ವಲ್ಪ ಹೊತ್ತಿದ್ದು ನಿಲ್ಲುತ್ತಿತ್ತು. ಆಮೇಲೆ ದಾರಿಯುದ್ದಕ್ಕೂ ಬಂತು. ತಡೆಯಲಾರದೆ ಅವರ ಕಡೆ ತಿರುಗಿ, "ಡ್ರೈವರಣ್ಣ, ಇಂಜಿನ್ನಲ್ಲಿ ಏನೋ ಸದ್ದು ಬರ್ತಿದೆ" ಎಂದೆ.

ಅವರ ಮುಖ ಕೆಂಪಾಯಿತು. "ನನ್ ಗಾಡಿ ನಂಗೊತ್ತಿಲ್ವಾ? ಸುಮ್ಕೆ ಕೂತ್ಕಳಿ. ನಿಮ್ಗ್ಯಾಕ್ ಇಂಜಿನ್ ಉಸಾಬರಿ?"

ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ. ನನಗೂ ಕೋಪವೇನು ಕಮ್ಮಿಯಲ್ಲ. ಮಳವಳ್ಳಿ ಬರುವವರೆಗೂ ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡು ಕೂತೆ. ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಎಂದು ಗೊತ್ತಿತ್ತು.

ಕೆಲವು ದಿನಗಳಲ್ಲೇ, ದಾರಿಯ ಚಿಕ್ಕರಸಿನಕೆರೆಗೆ ಇನ್ನೂ ದೂರವಿರುವಾಗ, ಬಾನೆಟ್ಟಿನೊಳಗೆ ಕಬ್ಬಿಣ ಕಡಿದಂತೆ ಖಟ್ ಎಂದಿತು. ಇಂಜಿನ್ ಸತ್ತುಹೋಯಿತು. ಕಾರು ತಾನೇ ಉರುಳಿಕೊಂಡು ಹೋಗಿ ಗದ್ದೆಯ ಬದಿಯಲ್ಲಿ ನಿಂತಿತು. ಎಲ್ಲರೂ ಇಳಿದೆವು. ಡ್ರೈವರಣ್ಣ ನಮಗೆ ಬೆನ್ನು ಹಾಕಿ, ಬಾನೆಟ್ ಎತ್ತಿ ಒಳಗೆ ಬಗ್ಗಿದರು.

ವೀಳ್ಯದೆಲೆ ವ್ಯಾಪಾರಿಯೊಬ್ಬ ಹಿಂದಿನಿಂದ ಕೇಳಿದ. "ಏನಣ್ಣೋ, ಮೊನ್ನೆಯಿಂದ ಚರಚರ ಅಂತ್ಲೇ ಇತ್ತಲ್ಲ, ನಿಂಗ್ ಕೇಳ್ನಿಲ್ವಾ?"

ಅವನು ಇನ್ನೂ ಜೋರಾಗಿ ಕೇಳಿದ. ಡ್ರೈವರಣ್ಣ ಬಗ್ಗಿಯೇ ಇದ್ದರು. ವ್ಯಾಪಾರಿ ಜೊತೆಯವನ ಕಡೆ ತಿರುಗಿ, "ಲೇ, ಇವನ್ಗೆ ಕಿವಿ ಕೇಳಕಿಲ್ಲ ಕಣ್ಲಾ! ನಾವ್ ದಿನಾ ಇವನ್ನ ನಂಬ್ಕಂಡ್ ಕೂತಿದ್ವಲ್ಲಲಾ!" ಎಂದು ಕೂಗಿದ.

ಅದೂ ಅವರಿಗೆ ಕೇಳಿಸಲಿಲ್ಲ. ಬಸ್ಸು ಬಂತು, ಎಲ್ಲರೂ ಹತ್ತಿದರು. ಅವರು ತಲೆಯೆತ್ತಿದಾಗ ರಸ್ತೆಯಲ್ಲಿ ನಾನೊಬ್ಬಳೇ ಇದ್ದೆ. ನನ್ನ ಮುಖ ನೋಡಿದರು. ಏನಾಯಿತೆಂದು ನಾನು ಹೇಳಬೇಕಾಗಲಿಲ್ಲ.

"ನೀವೂ ಓಗಬೇಕಾಗಿತ್ತು ಟೀಚ್ರಮ್ಮ, ಇಸ್ಕೂಲ್ಗೆ ಒತ್ತಾಯ್ತದೆ."

"ಇವತ್ತು ರಜ ಹಾಕ್ತೀನಿ."

ಪಕ್ಕದ ಗದ್ದೆಯ ರೈತನೊಬ್ಬ ಜೋಡಿ ಎತ್ತು ಹೂಡಿ ಕಾರಿಗೆ ಹಗ್ಗ ಕಟ್ಟಿದ. ಅವನು ಮುಂದೆ ಎತ್ತಿನ ಜೊತೆ ನಡೆದ. ಡ್ರೈವರಣ್ಣ ಸ್ಟೀರಿಂಗ್ ಹಿಡಿದರು, ನಾನು ನನ್ನ ಸೀಟಿನಲ್ಲಿ ಕೂತೆ. ಹಾಗೆ ಮದ್ದೂರಿನವರೆಗೂ ಬಂದೆವು. ಆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಎತ್ತಿನ ಕಾರಲ್ಲಿ ಮೆರವಣಿಗೆ ಬಂದ್ರಂತೆ" ಎಂದು ಅತ್ತಿಗೆ ಅವತ್ತು ನನ್ನನ್ನು ನೇರವಾಗಿ ನೋಡಿ ಮಾತಾಡಿದಳು.

ಎತ್ತಿನ ಹಿಂದೆ ಬರುವ ದಾರಿಯಲ್ಲಿ ಡ್ರೈವರಣ್ಣ ತಾವಾಗಿಯೇ ಮಾತು ಶುರುಮಾಡಿದ್ದರು. ಕಿವಿ ಹೋಗಿ ಎಷ್ಟೋ ಕಾಲವಾಗಿತ್ತಂತೆ. ಬರಿಗಾಲಿಗೆ ಇಂಜಿನ್ನಿನ ಅದುರು ತಿಳಿಯುತ್ತಿತ್ತಂತೆ. "ದೊಡ್ ಸದ್ದು ಕಾಲ್ಗೆ ಗೊತ್ತಾಯ್ತದೆ. ಸಣ್ದು ಗೊತ್ತಾಗಕಿಲ್ಲ. ಸಣ್ದುನ್ನ ನಮ್ಮನೆಯೋಳು ಕೇಳೋಳು."

ದಿನಾ ಬೆಳಿಗ್ಗೆ ಮನೆ ಮುಂದೆ ಅವರು ಗಾಡಿ ಸ್ಟಾರ್ಟ್ ಮಾಡಿದಾಗ ಹೆಂಡತಿ ಬಾನೆಟ್ಟಿನ ಮುಂದೆ ಬಂದು ನಿಲ್ಲುತ್ತಿದ್ದರಂತೆ. ಸದ್ದು ಸರಿಯಿದ್ದರೆ ಏನೂ ಹೇಳದೆ ಒಳಗೆ ಹೋಗುವುದು. ಸರಿಯಿಲ್ಲದಿದ್ದರೆ ಅಲ್ಲೇ ನಿಂತಿರುವುದು. ಅಷ್ಟೇ ಅವರಿಬ್ಬರ ಒಪ್ಪಂದ. ನೆರೆಹೊರೆಯವರಿಗೆ, ಗಂಡನನ್ನು ಕಳಿಸಿಕೊಡಲು ಬಂದ ಹೆಂಗಸಿನ ಹಾಗೆ ಕಾಣುತ್ತಿತ್ತು.

"ಈಗ ದಿನಾ ನೋಡ್ತೀನಿ, ಮುಂದ್ಗಡೆ ಯಾರೂ ನಿಂತಿರಕಿಲ್ಲ" ಎಂದರು. "ಯಾರೂ ನಿಂತಿಲ್ವಲ್ಲ, ಎಲ್ಲಾ ಸರಿಯಾಗೈತೆ ಅಂದ್ಕಂಡ್ ಒಂಟೋಯ್ತಿದ್ದೆ ಕಣವ್ವ."

ಟೀಚ್ರಮ್ಮ ಹೋಗಿ ಅವ್ವ ಬಂದದ್ದನ್ನು ಗಮನಿಸಿದೆ. ಎತ್ತುಗಳ ಕಡೆ ನೋಡುತ್ತಾ ಅತ್ತೆ.

ಗ್ಯಾರೇಜಿನ ಮೇಸ್ತ್ರಿ ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದ. ಒಳಗೆ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈಮಿಂಗ್ ಚೈನು ತುಂಡಾಗಿ ಜೋತುಬಿದ್ದಿತ್ತು. ಸೈಕಲ್ ಚೈನಿನಂಥದ್ದೇ, ಸ್ವಲ್ಪ ದಪ್ಪ. ಅದು ಸಡಿಲವಾಗಿ ಮುಚ್ಚಳಕ್ಕೆ ತಾಗಿದ್ದೇ ಆ ಚರಚರ. ಒಳಗಿನ ವಾಲ್ವುಗಳೂ ಸೊಟ್ಟಗಾಗಿದ್ದವು. ಹೊಸ ಚೈನು, ವಾಲ್ವು ಬೆಂಗಳೂರಿನಿಂದ ಬರುವವರೆಗೆ ಡ್ರೈವರಣ್ಣ ಗ್ಯಾರೇಜಿನ ಜಗಲಿಯ ಮೇಲೇ ಕೂತಿರುತ್ತಿದ್ದರು. ಬಸ್ ಸ್ಟ್ಯಾಂಡಿನ ಕಡೆ ಹಾಯಲಿಲ್ಲ. ಸಂಜೆ ನಾನು ಬಸ್ಸಿಳಿದು ಅಲ್ಲಿಗೆ ಹೋಗಿ ಅವತ್ತಿನ ಶಾಲೆಯ ವರದಿ ಒಪ್ಪಿಸಿ ಮನೆಗೆ ಹೋಗುತ್ತಿದ್ದೆ.

ಚೈನು, ವಾಲ್ವು ಬಂದವು. ಮೇಸ್ತ್ರಿ ವಾಲ್ವು ಬದಲಿಸಿ, ಮೇಲಿನ ಚಕ್ರ, ಕೆಳಗಿನ ಚಕ್ರ ಎರಡನ್ನೂ ತಿರುಗಿಸಿ ತಿರುಗಿಸಿ, ಒಂದರ ಮೇಲಿನ ಚುಕ್ಕಿ ಇನ್ನೊಂದರ ಚುಕ್ಕಿಗೆ ನೇರ ಎದುರಾಗಿ ನಿಲ್ಲುವಂತೆ ಮಾಡಿ ಚೈನು ತೊಡಿಸಿದ. "ಒಂದ್ ಅಲ್ಲು ಅಚ್ಚೀಚೆ ಆದ್ರೂ ಗಾಡಿ ಏಳಕಿಲ್ಲ" ಎಂದ. ಡ್ರೈವರಣ್ಣ ಒಳಗೆ ಕೂತು ಸ್ಟಾರ್ಟ್ ಮಾಡಿದರು. ಇಂಜಿನ್ ಎದ್ದಿತು. ಅವರು ಮುಂದಿನ ಗಾಜಿನಿಂದ ಮೇಸ್ತ್ರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ನಾನು ಬಾನೆಟ್ಟಿನ ಮುಂದೆ ಹೋಗಿ ನಿಂತೆ. ಕಣ್ಣು ಮುಚ್ಚಿ ಕೇಳಿದೆ. ಚರಚರ ಇರಲಿಲ್ಲ. ಏನೂ ಹೇಳದೆ ಸುತ್ತು ಬಂದು ನನ್ನ ಸೀಟಿನಲ್ಲಿ ಕೂತೆ. ಡ್ರೈವರಣ್ಣ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಬಹಳ ಹೊತ್ತು ಮುಂದಕ್ಕೇ ನೋಡುತ್ತಿದ್ದರು.

ಮಾರನೆಯ ದಿನ ಸ್ಟ್ಯಾಂಡಿನಲ್ಲಿ ನಮ್ಮ ಕಾರಿಗೆ ಯಾರೂ ಹತ್ತಲಿಲ್ಲ. ನಾವಿಬ್ಬರೇ ಹೋದೆವು. ಅದರ ಮಾರನೆಯ ದಿನವೂ ಅಷ್ಟೆ. ನಾನು ಮಾತ್ರ ದಿನಾ ಎಲ್ಲರ ಎದುರಿಗೇ ಬಾನೆಟ್ಟಿನ ಮುಂದೆ ನಿಂತು ಕೇಳಿ, ಆಮೇಲೆ ಹತ್ತುತ್ತಿದ್ದೆ. ಟೀಚ್ರಮ್ಮನಿಗೆ ತಲೆ ಕೆಟ್ಟಿದೆ ಎಂದವರುಂಟು, ಕಾರಿಗೆ ಪೂಜೆ ಮಾಡ್ತಾರೆ ಎಂದವರೂ ಉಂಟು. ಒಂದು ಬೆಳಿಗ್ಗೆ ಫ್ಯಾನ್ ಬೆಲ್ಟ್ ಕಿರುಗುಟ್ಟಿದ್ದು ಕೇಳಿ ನಾನು ಅಲ್ಲೇ ನಿಂತುಬಿಟ್ಟೆ. ಅವರು ಕೂಡಲೇ ಇಂಜಿನ್ ಆರಿಸಿ ಇಳಿದು ಬಂದರು. ಅದನ್ನು ಕಂಡ ಕಿರುಗಾವಲಿನ ಮುದುಕಿಯೊಬ್ಬಳು, "ಇವ್ರಿಬ್ರೂ ಇದ್ರೆ ಓಗಬೋದು ಕಣಮ್ಮ" ಎಂದು ಮೊದಲು ಹತ್ತಿದಳು. ಬರಬರುತ್ತಾ ಸೀಟುಗಳು ತುಂಬಿದವು. ವೀಳ್ಯದೆಲೆಯವನೂ ಬಂದ, ಹಗ್ಗ ಕಟ್ಟಿದ ಬಾಗಿಲ ಪಕ್ಕದಲ್ಲೇ ಕೂತ.

ಹಾಗೆಯೇ ಇನ್ನಷ್ಟು ವರ್ಷ ನಡೆಯಬಹುದಿತ್ತು. ನನಗೆ ಮಂಡ್ಯದಾಚೆಯ ಬಸರಾಳಿಗೆ ವರ್ಗವಾಯಿತು. ಬೇರೆ ಯಾರಿಗಾದರೂ ಇಂಜಿನ್ ಸದ್ದು ಕೇಳಲು ಹೇಳಿಕೊಡುತ್ತೇನೆ, ಸುಲಭದ ಕೆಲಸ ಎಂದು ಬೇಡಿಕೊಂಡೆ. "ಬ್ಯಾಡ ಬುಡಿ. ಎರಡ್ ಕಿತ ಸಿಕ್ತು. ಮೂರ್ನೇ ಕಿತ ಕೇಳದು ದುರಾಸೆ ಆಯ್ತದೆ" ಎಂದರು. ನಾನು ಹೋದ ವಾರವೇ ಕಾರು ಮಾರಿದರಂತೆ.

ಬಸರಾಳಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಸಂಜೆಯಾದರೆ ಎಷ್ಟೋ ಸಲ ಅವರಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಳ್ಳುತ್ತಿದ್ದೆ. ಹೋಗಿ ಬರೋಣ, ರಜೆ ಬರಲಿ ಎನ್ನುತ್ತಲೇ ದಿನ ಕಳೆಯಿತು. ಕೊನೆಗೆ ಮೇಸ್ತ್ರಿಯೇ ಬಸ್ ಕಂಡಕ್ಟರ್ ಮೂಲಕ ಹೇಳಿಕಳಿಸಿದ, ಡ್ರೈವರಣ್ಣ ಮಂಡ್ಯದ ಆಸ್ಪತ್ರೆಯಲ್ಲಿದ್ದಾರೆ ಎಂದು.

ಕಣ್ಣು ಮುಚ್ಚಿ ಮಲಗಿದ್ದರು. ಉಸಿರು ಇತ್ತು. ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, "ಕಿವೀತವ ಬಗ್ಗಿ ಜೋರಾಗಿ ಮಾತಾಡ್ಸಿ ಕಣವ್ವ, ನಿಮ್ ದನಿ ಕೇಳುದ್ರೆ ಎಚ್ರಾಗಬೋದು" ಎಂದಳು. ಅವಳಿಗೆ ಏನು ಹೇಳಲಿ? ನನ್ನ ದನಿ ಹೇಗಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಅವರ ಮುಖಕ್ಕೆ ನೇರವಾಗಿ ಸ್ಟೂಲು ಎಳೆದುಕೊಂಡು, ಕಣ್ಣು ತೆರೆದರೆ ಮೊದಲು ನನ್ನ ತುಟಿಯೇ ಕಾಣುವ ಹಾಗೆ ಕೂತೆ. ಆ ವರ್ಷಗಳಲ್ಲಿ ಅವರೊಬ್ಬರು ಇಲ್ಲದಿದ್ದರೆ ನಾನು ಮಾತು ಮರೆತುಬಿಡುತ್ತಿದ್ದೆ ಎಂದು ಹೇಳಬೇಕಿತ್ತು. ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಕಾದೆ. ಅವರು ಕಣ್ಣು ತೆರೆಯಲಿಲ್ಲ.