ಉಳಿದ ಅರ್ಧ ಕ್ಯಾನು

ನಂಜನಗೂಡಿನ ಒಂದು ಎಥನಾಲ್ ಕಾರ್ಖಾನೆಯಲ್ಲಿ ನಾನು ಟ್ಯಾಂಕಿನ ಕೆಲಸದವನು. ನುಚ್ಚಕ್ಕಿ ಬೇಯಿಸಿದ ಗಂಜಿ ಟ್ಯಾಂಕಿಗೆ ಬಂದ ಮೇಲೆ ಈಸ್ಟ್ ಬಿಡುವುದು, ಬಿಸಿ ನೋಡುವುದು, ನೊರೆ ಉಕ್ಕದಂತೆ ಕಾಯುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಷ್ಟು ಸಾಕಿತ್ತು. ತಂಗಿ ಎಂ.ಎಸ್ಸಿ. ಓದಿ ಅಲ್ಲಿನ ಲ್ಯಾಬಿಗೆ ಒಂದು ವರ್ಷದ ಕರಾರಿನ ಮೇಲೆ ಸೇರಿದಳು. ಟಿ. ನರಸೀಪುರದಿಂದ ಇಬ್ಬರೂ ಒಂದೇ ಬೈಕಿನಲ್ಲಿ ಬರುತ್ತಿದ್ದೆವು. ಗೇಟು ದಾಟಿದ ಮೇಲೆ ಅವಳು ಮೇಡಂ.

ಈಸ್ಟಿಗೆ ಗಂಜಿಯನ್ನು ಹಾಗೇ ತಿನ್ನಲು ಬರುವುದಿಲ್ಲ. ಗಂಜಿ ಮೊದಲು ಸಕ್ಕರೆಯಾಗಬೇಕು, ಅದನ್ನು ತಿಂದೇ ಈಸ್ಟ್ ಎಥನಾಲ್ ಮಾಡುವುದು. ಸಕ್ಕರೆಯಾಗಲು ಎಂಜೈಮ್ ಹಾಕುತ್ತೇವೆ. ಕಂದು ಬಣ್ಣದ ದ್ರವ, ಕ್ಯಾನುಗಳಲ್ಲಿ ಬರುತ್ತದೆ, ದುಬಾರಿ. ಆ ಎಂಜೈಮನ್ನು ತಾನೇ ಮಾಡಿಕೊಳ್ಳುವಂತೆ ಜೀನ್ ಬದಲಿಸಿದ ಈಸ್ಟನ್ನು ತಂಗಿ ಬೆಳೆಸುತ್ತಿದ್ದಳು. ಅದು ಟ್ಯಾಂಕಿನಲ್ಲಿ ಗೆದ್ದರೆ ಎಥನಾಲ್ ಅಗ್ಗವಾಗುತ್ತಿತ್ತು, ಅವಳ ಕೆಲಸ ಕಾಯಂ ಆಗುತ್ತಿತ್ತು.

ಮೊದಲ ಪರೀಕ್ಷೆ ಸಣ್ಣ ಟ್ಯಾಂಕಿನಲ್ಲಿ, ನನ್ನ ಪಾಳಿಯಲ್ಲೇ ನಡೆಯಿತು.

“ಅಣ್ಣ, ಎಂಜೈಮು ಒಂದು ಕ್ಯಾನ್ ಬದ್ಲು ಅರ್ಧ ಮಾತ್ರ ಕಣಣ್ಣ. ಹಬ್ಬದ ತುಪ್ಪ ಬಡಿಸ್ದಂಗೆ ಸುರೀಬ್ಯಾಡ. ಈ ಈಸ್ಟು ನಿಧಾನ, ಕಾಯ್ಬೇಕು.”

“ಆಯ್ತು ಮೇಡಮ್ಮೋರೆ,” ಎಂದು ಅರ್ಧ ಹಾಕಿದೆ.

ಮರುದಿನ ಮಧ್ಯಾಹ್ನ ಗಂಜಿಗೆ ಅಯೋಡಿನ್ ಹನಿ ಬಿಟ್ಟು ನೋಡಿದೆ. ಸಕ್ಕರೆಯಾಗಿದ್ದರೆ ಬಣ್ಣ ಏಳುವುದಿಲ್ಲ. ಬೇರೆ ಬ್ಯಾಚುಗಳಲ್ಲಿ ಅಷ್ಟು ಹೊತ್ತಿಗೆ ಏಳುತ್ತಿರಲಿಲ್ಲ. ಅಂದು ನೇರಳೆ ಬಂತು.

ಪಾಳಿಯಲ್ಲಿ ಜೊತೆಗಿದ್ದ ಹೆಡತಲೆ ಊರಿನವನು ಇಣುಕಿ ನಕ್ಕ. “ನಿನ್ ತಂಗಿ ಈಸ್ಟು ಉಪಾಸ ಬಿದ್ದದೆ ಕಣ್ಲಾ. ಸಾಹೇಬ್ರು ನೋಡುದ್ರೆ ಮೇಡಮ್ಮೋರು ಮನೆಗೇಯ.” ಹಾಗೆಂದು ಟೀಗೆ ಹೋದ.

ನಾನು ಉಳಿದ ಅರ್ಧ ಕ್ಯಾನನ್ನೂ ಸುರಿದುಬಿಟ್ಟೆ.

ತಂಗಿಯ ಮೇಲಿನ ಪ್ರೀತಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವಳ ಓದಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕಾಯಬೇಕು ಎಂದಿದ್ದಳು, ನಾನು ಕಾಯಲಿಲ್ಲ.

ಎಥನಾಲ್ ಚೆನ್ನಾಗಿ ಬಂತು. ಮ್ಯಾನೇಜರಿಗೆ ಹಿಗ್ಗು. ಅರ್ಧಕ್ಕೇ ಇಷ್ಟು ಬಂದರೆ ಮುಂದಿನ ಸಲ ದೊಡ್ಡ ಟ್ಯಾಂಕಿನಲ್ಲಿ ಎಂಜೈಮೇ ಬೇಡ ಎಂದರು. ಇನ್ನೊಂದು ಸಲ ಅರ್ಧಕ್ಕೇ ಮಾಡೋಣ ಎಂದು ತಂಗಿ ಕೇಳಿಕೊಂಡಳು, ಅವರು ಒಪ್ಪಲಿಲ್ಲ. ಆ ಸಂಜೆ ಬೈಕ್ ಹತ್ತುವಾಗ ಅವಳು ಕೇಳಿದಳು:

“ನೀನು ಅರ್ಧಾನೇ ತಾನೆ ಹಾಕಿದ್ದು?”

“ಅರ್ಧಾನೇ.”

ಅಲ್ಲಾದರೂ ಹೇಳಬಹುದಿತ್ತು. ಅವಳ ಮುಖ ಅಷ್ಟು ಗೆಲುವಾಗಿತ್ತು, ಬೈಕಿಗೆ ಕಿಕ್ ಹೊಡೆದೆ.

ಎಂಜೈಮ್ ಹಾಕದ ದೊಡ್ಡ ಟ್ಯಾಂಕಿನ ಗಂಜಿಯಲ್ಲಿ ಮೂರು ದಿನವಾದರೂ ನೊರೆ ಏಳಲಿಲ್ಲ. ಹುಳಿಯಾಯಿತು, ಪೂರ್ತಿ ಹೊರಗೆ ಬಿಡಬೇಕಾಯಿತು. ಮೊದಲ ಸಲದ ಅಂಕಿಗಳನ್ನು ಅವಳೇ ತಿದ್ದಿರಬೇಕು ಎಂದು ಲ್ಯಾಬಿನಲ್ಲಿ ಆಡಿಕೊಂಡರು. ಕರಾರು ಮುಂದುವರಿಯಲಿಲ್ಲ. ಅರ್ಧ ಕ್ಯಾನಿಗೆ ಅವಳ ಈಸ್ಟ್ ಗೆಲ್ಲುತ್ತಿತ್ತೋ ಇಲ್ಲವೋ, ಅದು ಈಗ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಮನೆಯಲ್ಲಿ ಅವಳು ನೋಟ್‌ಬುಕ್ ಹರಡಿಕೊಂಡು ಅದೇ ಲೆಕ್ಕ ಮತ್ತೆ ಮತ್ತೆ ಮಾಡುತ್ತಿದ್ದಳು. “ಒಂದ್ಸಲ ಬಂದಿದ್ದು ಇನ್ನೊಂದ್ಸಲ ಯಾಕೆ ಬರ್ನಿಲ್ಲ ಅಣ್ಣ? ನಾನೆಲ್ಲಿ ತಪ್ಪಿದೆ?” ಎನ್ನುತ್ತಿದ್ದಳು. “ಮೊದ್ಲು ಉಣ್ಣು,” ಎನ್ನುತ್ತಿದ್ದೆ.

ಒಂದು ತಿಂಗಳಾದ ಮೇಲೆ ಮ್ಯಾನೇಜರಿಗೆಂದು ಒಂದು ಲಕೋಟೆ ಕೊಟ್ಟಳು. ತಪ್ಪು ತನ್ನ ಈಸ್ಟಿನದೇ, ಅದು ನಂಬುವಂಥದ್ದಲ್ಲ ಎಂದು ಬರೆದಿದ್ದಳು. “ನೀನೇ ಕೊಟ್ಬುಡು. ನಾನು ಆ ಗೇಟು ದಾಟಲ್ಲ.”

ದಾರಿಯಲ್ಲಿ ಎರಡು ಕಡೆ ಬೈಕ್ ನಿಲ್ಲಿಸಿದೆ. ಆದರೂ ತೆಗೆದುಕೊಂಡು ಹೋಗಿ ಕೊಟ್ಟೆ. ಮ್ಯಾನೇಜರು ಓದಿ, “ಒಪ್ಕೊಂಡ್ಳಲ್ಲ, ಒಳ್ಳೇದಾಯ್ತು,” ಎಂದು ಫೈಲಿಗೆ ಸೇರಿಸಿದರು. ಲ್ಯಾಬಿನಲ್ಲಿ ಉಳಿದಿದ್ದ ಆ ಈಸ್ಟಿನ ಬಾಟಲಿಗಳನ್ನೆಲ್ಲ ಕುದಿಸಿ ಚೆಲ್ಲುವಂತೆ ನನಗೇ ಹೇಳಿದರು.

ಕುದಿಸಿ ಚೆಲ್ಲಿದೆ.