ಆಯಿಯ ಚಂಚಿಯಲ್ಲಿದ್ದ ಪುಸ್ತಕ

೧೯೪೪ನೆಯ ಇಸವಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲದಕ್ಕೂ ರೇಷನ್. ನಾನು ಪುಣೆಯಲ್ಲಿ ಡಾಕ್ಟರಿ ಓದು ಮುಗಿಸಿ, ಹುಕ್ಕೇರಿ ಕಡೆಯ ಒಂದು ಧರ್ಮಾರ್ಥ ದವಾಖಾನೆಗೆ ಸೇರಿ ಆರು ತಿಂಗಳಾಗಿತ್ತು. ನನ್ನ ಪಾಲಿಗೆ ಬಂದದ್ದು ಪೆಥಾಲಜಿ. ಅಂದರೆ ರೋಗಿಗಳ ರಕ್ತ, ಕಫ, ಗಂಟಿನ ತುಣುಕು ಇವನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ ಇಂಥದ್ದೇ ರೋಗ ಎಂದು ಬರೆದುಕೊಡುವ ಕೆಲಸ. ದವಾಖಾನೆಯಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ಕಲಿಕೆ. ಈಗಿನವರು ರೆಸಿಡೆಂಟ್ ಎನ್ನುತ್ತಾರಲ್ಲ, ಹಾಗೆ. ವಯಸ್ಸು ಇಪ್ಪತ್ತನಾಲ್ಕು. ಮೂಗಿನ ತುದಿಯಲ್ಲೇ ಸಿಟ್ಟು, ಅದರ ಮೇಲೆ ಪುಣೆಯಲ್ಲಿ ಓದಿ ಬಂದವಳೆಂಬ ಜಂಬ ಬೇರೆ.

ನನಗೆ ಕಲಿಸುತ್ತಿದ್ದವರು ಮೂಡಲಗಿಯ ಹಿರಿಯ ಡಾಕ್ಟರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಅವರ ಕಣ್ಣು ಮಂಜಾಗುತ್ತ ಬಂದು, ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದಂತಾಗಿತ್ತು. ನಾನು ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ ರೋಗದ ಹೆಸರು ಹೇಳುತ್ತಿದ್ದರು. ನಮ್ಮ ದವಾಖಾನೆಗೆ ಅವರೇ ಪುಸ್ತಕ. ಆದರೆ ಇನ್ನೊಂದು ತಿಂಗಳಿಗೆ ಅವರು ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಆಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ.

ಅದಕ್ಕೇ ಸಾಹೇಬರು ಬೆಳಗಾವಿಯ ಪುಸ್ತಕದ ಅಂಗಡಿಗೆ ಬರೆದು ಎರಡು ಸಣ್ಣ ಕೈಪಿಡಿಗಳನ್ನು ತರಿಸಿದರು. ಹಡಗುಗಳು ಸರಿಯಾಗಿ ಬಾರದ ಕಾಲ, ಅಂಗಡಿಯಲ್ಲಿ ಇದ್ದದ್ದೇ ಆ ಎರಡು. ಗೋಕಾಕ ರೋಡ್ ಸ್ಟೇಷನ್ನಿಗೆ, ಅಂದರೆ ಈಗಿನ ಘಟಪ್ರಭಾಕ್ಕೆ, ಪಾರ್ಸಲ್ ಬಂತು. ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಳೆಯಾಗದಂತೆ ವಾಪಸು ಕಳಿಸಬೇಕೆಂಬ ಕರಾರು.

ಸಾಹೇಬರು ಎರಡನ್ನೂ ಕೈಯಲ್ಲಿ ಹಿಡಿದು ಸವರಿ ನೋಡಿ ನನ್ನ ಮುಂದೆ ಇಟ್ಟರು. “ನಾ ಹೋದ ಮ್ಯಾಲೆ ನನ್ನ ಜಾಗಾದಾಗ ಕೂಡೂದು ಇದ್ರಾಗಿನ ಒಂದು. ನೀವ ಆರಿಸ್ರಿ ಶಾಂತಾಬಾಯಿ. ಕೈ ನಡಗೂ ಹೊತ್ತಿನ್ಯಾಗ ಯಾವುದು ಉಪಯೋಗಕ್ಕ ಬರತೈತಿ, ಅದ ಕಿಸೇದಾಗ ಇರಬೇಕು.”

ನನಗೆ ಕಿಸೆಯೇ ಇಲ್ಲವಲ್ಲ ಎಂದೆ. ನಾನು ಸೀರೆ ಉಡುವವಳು. ಬಟ್ಟೆ ಸಿಗದೆ ನನ್ನ ಬಿಳಿ ಕೋಟು ಇನ್ನೂ ಹೊಲಿಗೆಗೇ ಹೋಗಿರಲಿಲ್ಲ. ಸಾಹೇಬರು ಜೋರಾಗಿ ನಕ್ಕರು. ಅದನ್ನೂ ಆರಿಸುವವರೇ ಯೋಚಿಸಬೇಕು ಎಂದು ನನ್ನ ಮೇಲೇ ಹಾಕಿದರು.

ನಿಜ ಹೇಳಬೇಕೆಂದರೆ ನಾನು ಅಷ್ಟರಲ್ಲಿ ಆರಿಸಿಯಾಗಿತ್ತು. ಒಂದು ಪುಸ್ತಕಕ್ಕೆ ನೀಲಿ ರಟ್ಟು, ಬಂಗಾರದ ಅಕ್ಷರ, ಒಳಗೆ ಬಣ್ಣಬಣ್ಣದ ಚಿತ್ರ. ಬರೆದವನ ಹೆಸರಿನ ಮುಂದೆ ಒಂದಿಡೀ ಸಾಲು ಪದವಿಗಳು. ಇನ್ನೊಂದು ಮಾಸಿದ ಖಾಕಿ ಬಣ್ಣದ್ದು, ತೆಳ್ಳಗೆ, ಚಿತ್ರಗಳು ಕಡಿಮೆ. ಬಿಸಿಲ ನಾಡುಗಳಲ್ಲಿ ದಂಡಿನ ಜೊತೆ ತಿರುಗಿದ ಯಾವನೋ ಡಾಕ್ಟರು ಬರೆದದ್ದು. ಅದನ್ನು ಮದುವೆಮನೆಗೆ ಬಂದ ಬಡ ನೆಂಟನ ಹಾಗೆ ಪಕ್ಕಕ್ಕೆ ಸರಿಸಿದೆ. ಆದರೂ ಎರಡನ್ನೂ ನೋಡಿದೆನೆಂದು ಹೇಳಲಾದರೂ ಬೇಕಲ್ಲ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ರವಿವಾರ ಅಂಕಲಗಿಗೆ, ನಮ್ಮ ಮನೆಗೆ ಹೋದೆ.

ಮನೆಯಲ್ಲಿ ನನ್ನ ಅಜ್ಜಿ ಇದ್ದಳು. ನಾವು ಆಯಿ ಅನ್ನುತ್ತೇವೆ. ಅಕ್ಷರ ಬಾರದವಳು. ಸೊಂಟದಲ್ಲಿ ಯಾವಾಗಲೂ ಅವಳ ಚಂಚಿ. ಎಲೆ, ಅಡಿಕೆ, ಸುಣ್ಣ, ತಂಬಾಕು ಒಂದೊಂದಕ್ಕೂ ಒಂದೊಂದು ಅರೆ ಇರುವ ಬಟ್ಟೆಯ ಚೀಲ ಅದು. ಆಯಿಗೆ ಓಣಿಯಲ್ಲಿ ಇನ್ನೊಂದು ಹೆಸರಿತ್ತು, ನಾರು ತೆಗೆಯುವವಳು ಅಂತ. ಆಗ ನಮ್ಮ ಕಡೆ ಮೆಟ್ಟಿಲ ಬಾವಿಗೆ ಇಳಿದು ನೀರು ಕುಡಿದವರಿಗೆ ನಾರುಹುಣ್ಣು ಆಗುತ್ತಿತ್ತು. ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ಒಂದು ವರ್ಷ ಮೈಯೊಳಗೇ ಬೆಳೆದು, ಬಿಳಿ ದಾರದ ಹಾಗೆ ಕಾಲಿನಿಂದ ಹೊರಗೆ ಬರುತ್ತಿತ್ತು. ಅದರ ತುದಿಯನ್ನು ಕಸಬರಿಗೆ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟೇ ಎಳೆದು, ಹರಿಯದಂತೆ ಪೂರಾ ತೆಗೆಯುವುದರಲ್ಲಿ ಆಯಿಯನ್ನು ಮೀರಿಸುವವರಿರಲಿಲ್ಲ.

ಕಟ್ಟೆಯ ಮೇಲೆ ನಾನು ಪುಸ್ತಕ ಹರವಿಕೊಂಡು ಕೂತಿದ್ದೆ. ಆಯಿ ಎಲೆಗೆ ಸುಣ್ಣ ಸವರುತ್ತ ಪಕ್ಕದಲ್ಲಿ ಬಂದು ಕೂತಳು. ಇವೇನು ಎಂದಳು. ಎಲ್ಲಾ ರೋಗಗಳೂ ಇದರಲ್ಲಿವೆ, ಒಂದನ್ನು ಆರಿಸಬೇಕು ಎಂದೆ.

“ಹಂಗಾರ ನಾರಿಂದು ಏನ ಹೇಳತಾವ ಕೇಳು,” ಎಂದಳು.

ಅದು ನಿನಗೆ ಗೊತ್ತೇ ಇದೆಯಲ್ಲ ಆಯಿ, ಗೊತ್ತಿಲ್ಲದ್ದನ್ನು ಕೇಳು ಎಂದು ನಾನು ನಕ್ಕೆ.

“ಗೊತ್ತಿಲ್ಲದ್ದು ಹೇಳಿದ್ರ ಅದು ಖರೇನೋ ಸುಳ್ಳೋ ನನಗ ಹ್ಯಾಂಗ ತಿಳೀಬೇಕು? ಗೊತ್ತಿದ್ದದ್ದ ಕೇಳಬೇಕವ್ವ.”

ಅವಳ ಸಮಾಧಾನಕ್ಕೆಂದು ಎರಡನ್ನೂ ತೆಗೆದು ಕನ್ನಡದಲ್ಲಿ ಹೇಳಿದೆ. ನೀಲಿ ಪುಸ್ತಕದಲ್ಲಿ ಹುಳುವಿನ ಹೊಟ್ಟೆ, ಕರುಳು, ಬಾಲದ ವರ್ಣನೆ ಎರಡು ಪುಟ. ಕೊನೆಗೆ, ಕೊಯ್ದು ಒಮ್ಮೆಲೇ ತೆಗೆಯಬೇಕು ಎಂದು ಒಂದು ಮಾತು. ಖಾಕಿ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಐದೇ ಸಾಲು. ಕಡ್ಡಿಗೆ ಸುತ್ತಿ, ತಣ್ಣೀರು ಹಾಕುತ್ತ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆ; ಅವಸರ ಮಾಡಬೇಡ; ಹರಿದರೆ ಕಾಲು ಬಾತು ಕೀವಾಗುತ್ತದೆ. ಇಷ್ಟೇ.

ಆಯಿ ಎಲೆ ಬಾಯಿಗೆ ಇಡುವುದನ್ನು ಮರೆತು ಕೇಳಿದಳು. ಎಲ್ಲಿ ಬರೆದಾನ ತೋರಿಸು ಎಂದಳು. ತೋರಿಸಿದೆ. ಆ ಐದು ಸಾಲಿನ ಕೆಳಗೆ ಹೆಬ್ಬೆರಳು ಊರಿ, ಓದುವವಳ ಹಾಗೆ ಸ್ವಲ್ಪ ಹೊತ್ತು ನೋಡಿದಳು. “ಇದನ್ನ ಬರದಾಂವ ನಾರು ನೋಡ್ಯಾನ. ಅದನ್ನ ಬರದಾಂವ ಬರೇ ಕೇಳ್ಯಾನ. ಇದನ್ನ ಇಟಗೋ.”

ನಾನು ಹುಂ ಎಂದೆ, ಅಷ್ಟೇ. ಕಸಬರಿಗೆ ಕಡ್ಡಿಯ ಲೆಕ್ಕದಲ್ಲಿ ಪೆಥಾಲಜಿ ಪುಸ್ತಕ ಆರಿಸಿದೆ ಎಂದರೆ ಪುಣೆಯ ನನ್ನ ಗೆಳತಿಯರು ಏನಂದಾರು! ನೀಲಿಯದೇ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ನೋಡಿದರೆ ಖಾಕಿ ಪುಸ್ತಕವೇ ಇಲ್ಲ. ಕಟ್ಟೆ, ಜಗಲಿ, ಹಾಸಿಗೆ ಎಲ್ಲ ಹುಡುಕಿದೆ. ಮನೆಯವರ ಮೇಲೆಲ್ಲ ರೇಗಿದೆ. ವಾಪಸು ಕಳಿಸಬೇಕಾದ್ದು, ಕಳೆದರೆ ಸಾಹೇಬರಿಗೆ ಏನು ಮುಖ ತೋರಿಸಲಿ? ಅದರ ನಡುವೆ ಆಯಿ ತಾನೂ ಬರುತ್ತೇನೆಂದು ಬುತ್ತಿ ಕಟ್ಟಿಕೊಂಡು ಹೊರಟು ನಿಂತಿದ್ದಳು. ನಾನು ಅಲ್ಲಿ ಹೊಟ್ಟೆತುಂಬ ಉಣ್ಣುತ್ತೇನೋ ಇಲ್ಲವೋ ಕಣ್ಣಾರೆ ನೋಡಬೇಕಂತೆ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ದವಾಖಾನೆ ಮುಟ್ಟುವವರೆಗೂ ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ.

ಅಲ್ಲಿ ಘೋಡಗೇರಿಯಿಂದ ಬೀರಪ್ಪ ಎಂಬ ಕುರಿ ಕಾಯುವವನು ಬಂದು ಕೂತಿದ್ದ. ನಲವತ್ತರ ಗಟ್ಟಿ ಆಳು. ಎರಡು ದಿನದಿಂದ ಜ್ವರ, ವಾಂತಿ, ಮೈತುಂಬ ತುರಿಸುವ ಗಂಧೆ, ಏದುಸಿರು. ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ಇಯೋಸಿನೋಫಿಲ್ ಎಂಬ, ಕೆಂಪು ಹರಳು ತುಂಬಿದಂತೆ ಕಾಣುವ ಕಣಗಳು ಆರೋಗ್ಯವಂತರಲ್ಲಿ ಹುಡುಕಿದರೆ ಒಂದೆರಡು ಸಿಗುತ್ತವೆ. ಇಲ್ಲಿ ಎಲ್ಲಿ ನೋಡಿದರೂ ಅವೇ. ನೀಲಿ ಪುಸ್ತಕ ತೆಗೆದೆ. ರಕ್ತದ ಕ್ಯಾನ್ಸರಿನ ಬಣ್ಣದ ಚಿತ್ರ ಥೇಟ್ ಹಾಗೇ ಇತ್ತು, ಅಥವಾ ಹಾಗೇ ಇದೆ ಎಂದು ನನಗೆ ಕಂಡಿತು. ಗುಣವಾಗುವುದಿಲ್ಲ, ಕೆಲವೇ ತಿಂಗಳು ಎಂದು ಕೆಳಗೆ ಬರೆದಿತ್ತು.

ಸಾಹೇಬರಿಗೆ ಹೋಗಿ ಹೇಳಿದೆ. ಅವರು ಮನುಷ್ಯನನ್ನು ಪೂರಾ ನೋಡಿದಿರಾ ಎಂದು ಕೇಳಿದರು. ನೋಡಿದೆ ಎಂದೆ. ನಾನು ನೋಡಿದ್ದು ಅವನ ಒಂದು ಬೆರಳನ್ನು ಮಾತ್ರ. ಹಾಗಿದ್ದರೆ ಬರೆದು ತನ್ನಿ, ಹೇಳುವ ಕೆಲಸ ನಾನು ಮಾಡುತ್ತೇನೆ ಎಂದರು. ಬರೆದೆ, ಸಹಿ ಹಾಕಿದೆ. ಕಾಗದ ಹಿಡಿದುಕೊಂಡು ಪಡಸಾಲೆಗೆ ಬಂದರೆ ಬೀರಪ್ಪ ನನ್ನ ಮುಖ ನೋಡಿ ಎದ್ದು ನಿಂತ.

“ಬಾಯಾರ, ನಾ ಉಳಿತೀನೋ ಇಲ್ಲೋ ಖರೆ ಹೇಳಿಬಿಡ್ರಿ. ಮಗಳು ಸಣ್ಣಾಕಿ ಐತಿ. ತಾಯಿ ಇಲ್ಲದ ಕೂಸು. ಯಾರ ಕೈಯಾಗರ ಒಪ್ಪಿಸಿ ಹೋಗಬೇಕಲ್ರಿ.”

ನಾನು ಕಾಗದವನ್ನು ಬೆನ್ನ ಹಿಂದೆ ಸರಿಸಿದೆ. ಆಗ ಅವನ ಪಕ್ಕದಿಂದಲೇ ಆಯಿಯ ದನಿ ಬಂತು. ಅವಳು ಆಗಲೇ ಅವನ ಊರು, ಮನೆ, ಕುಡಿಯುವ ಬಾವಿ ಎಲ್ಲ ವಿಚಾರಿಸಿಕೊಂಡು ಕೂತಿದ್ದಳು. “ಯಾಕ ಹೆದರಸ್ತಿ ಅವನ್ನ? ನಾರು ಬರಾಕತ್ತೈತಿ ಅವಗ. ತಲಿ ಹೊರಗ ಹಾಕೂ ಮೊದಲ ಹಿಂಗ ಮೈಯೆಲ್ಲಾ ಏಳತೈತಿ.”

ನಾನು ಎಲ್ಲರೆದುರಿಗೆ ರೇಗಿದೆ. ಇದು ದವಾಖಾನೆ, ನೀನು ಸುಮ್ಮನಿರು ಎಂದುಬಿಟ್ಟೆ. ಆಯಿ ಮುಖ ಸಣ್ಣದು ಮಾಡಿಕೊಂಡು ಎಲೆ ತೆಗೆಯಲು ಚಂಚಿ ಬಿಚ್ಚಿದಳು. ಎಲೆಯ ಅರೆಯಿಂದ ಖಾಕಿ ಪುಸ್ತಕ ಹೊರಗೆ ಬಂತು. ಕಟ್ಟೆಯ ಮೇಲೆ ಬಿಟ್ಟರೆ ನೀರು ಬಿದ್ದೀತೆಂದು ರವಿವಾರವೇ ಎತ್ತಿಟ್ಟುಕೊಂಡು ಮರೆತಿದ್ದಳಂತೆ!

ಕಸಿದುಕೊಂಡೆ. ಎಲ್ಲಾ ಕಡೆ ತಂಬಾಕಿನ ವಾಸನೆ. ಒಳಗೇನು ಹಾಳಾಗಿದೆಯೋ ಎಂದು ತೆರೆದರೆ ಅದು ತಾನಾಗಿಯೇ ಒಂದು ಪುಟಕ್ಕೆ ತೆರೆದುಕೊಂಡಿತು. ಆಯಿಯ ಹೆಬ್ಬೆರಳಿನ ಸುಣ್ಣ ಅಲ್ಲಿ ಅಚ್ಚೊತ್ತಿ ಒಣಗಿ, ಹಾಳೆ ಸೆಟೆದುಕೊಂಡಿತ್ತು. ನಾನು ರವಿವಾರ ಓದಿ ಹೇಳಿದ ಐದು ಸಾಲು. ಅದರ ಕೆಳಗೆ, ಹೆಬ್ಬೆರಳಿನ ಗುರುತಿನ ಅಡಿಯಲ್ಲೇ, ನಾನು ಓದದೇ ಬಿಟ್ಟ ಇನ್ನು ಮೂರು ಸಾಲು ಸಣ್ಣ ಅಕ್ಷರದಲ್ಲಿದ್ದವು. ಹುಳು ಹೊರಬರುವ ಮುನ್ನ ಜ್ವರ, ವಾಂತಿ, ಗಂಧೆ, ಏದುಸಿರು ಬರಬಹುದು. ರಕ್ತದಲ್ಲಿ ಇಯೋಸಿನೋಫಿಲ್ ಬಹಳ ಹೆಚ್ಚುತ್ತವೆ. ಬೇರೇನಾದರೂ ಹೇಳುವ ಮೊದಲು ಕಾಲು ನೋಡು.

ನಾನು ಅಲ್ಲೇ ನೆಲದ ಮೇಲೆ ಕೂತು ಬೀರಪ್ಪನ ಕಾಲು ಹಿಡಿದೆ. ಅವನು ಬೇಡರಿ ಬೇಡರಿ ಎಂದು ಹಿಂದಕ್ಕೆ ಎಳೆದುಕೊಂಡ. ಎಡ ಕಾಲಗಂಟಿನ ಹಿಂದೆ ಕೆಂಪಗೆ ಉಬ್ಬಿದ ಬೊಕ್ಕೆ. ನಿನ್ನೆಯಿಂದ ಉರಿಯುತ್ತಿದೆ, ಜಾಲಿ ಮುಳ್ಳು ನೆಟ್ಟಿರಬೇಕೆಂದು ಸುಮ್ಮನಿದ್ದೆ, ಯಾರೂ ಕೇಳಲೂ ಇಲ್ಲ ಎಂದ. ಆಯಿ ತಂಬಿಗೆಯಿಂದ ಅದರ ಮೇಲೆ ನೀರು ಹೊಯ್ದಳು. ಉರಿ ತಣ್ಣಗಾಯಿತು ಎಂದು ಅವನು ಕಣ್ಣು ಮುಚ್ಚಿದ.

ಸಾಹೇಬರು ಒಳಗಿನಿಂದ, ಬರೆದು ತಂದಿರಾ ಎಂದು ಕೂಗಿದರು. ಹೋಗಿ ನಿಂತೆ. ಬರೆದದ್ದನ್ನು ಓದಿದೆ, ನಡೆದದ್ದನ್ನೂ ಹೇಳಿದೆ. ಬೆರಳು ಬಿಟ್ಟು ಬೇರೇನೂ ನೋಡಿರಲಿಲ್ಲ ಎಂಬುದನ್ನೂ ಹೇಳಿದೆ. ಅಳು ಬಂತು, ಅತ್ತೆ. ಅವರು ಬೈಯಲಿಲ್ಲ. ಕಾಗದ ಹರಿದು ಹಾಕಿ ಎಂದರು. ಆಮೇಲೆ, ಪುಸ್ತಕ ಆರಿಸಿದ್ದಾಯಿತೇ ಎಂದರು. ಆಯಿತು, ನಾನಲ್ಲ ಆರಿಸಿದ್ದು ಎಂದೆ. ಆರಿಸಿದವರನ್ನು ಒಳಗೆ ಕರೆದು ಕುರ್ಚಿ ಕೊಡಿ ಎಂದರು.

ಮರುದಿನ ಬೊಕ್ಕೆ ಒಡೆದು, ಬಿಳಿ ದಾರದ ತುದಿ ಕಂಡಿತು. ಆಯಿ ನಮ್ಮ ದವಾಖಾನೆಯಲ್ಲಿ ಹದಿನೈದು ದಿನಕ್ಕೂ ಹೆಚ್ಚು ಇದ್ದಳು. ಕಸಬರಿಗೆ ಕಡ್ಡಿ ಹಿಡಿದು ದಿನಾ ಎರಡು ಬೆರಳಿನಷ್ಟು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸಾಹೇಬರು, ಈಗ ಎಷ್ಟಾಯಿತವ್ವ ಎಂದು ಕೇಳುವವರು. ಹುಳು ಪೂರಾ ಹೊರಗೆ ಬಂದ ದಿನ ಬೀರಪ್ಪ ಎದ್ದು ನಡೆದು ಊರಿಗೆ ಹೋದ. ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಬಂದು, ತಾನೇ ನೂಲು ತೆಗೆದು ನೇಯಿಸಿದ ಕರಿ ಕಂಬಳಿಯನ್ನು ಆಯಿಗೆ ಕೊಡಿ ಎಂದು ಕೊಟ್ಟು ಹೋದ.

ನೀಲಿ ಪುಸ್ತಕ ಬೆಳಗಾವಿಗೆ ವಾಪಸು ಹೋಯಿತು. ಸುಣ್ಣ ಹತ್ತಿದ್ದನ್ನು ಅಂಗಡಿಯವರು ಹೇಗೂ ತೆಗೆದುಕೊಳ್ಳುತ್ತಿರಲಿಲ್ಲ. ಆಯಿ ಊರಿಗೆ ಹೊರಡುವಾಗ ತನ್ನ ಹಳೆಯ ಚಂಚಿಯನ್ನು ತೊಳೆದು ನನಗೆ ಕೊಟ್ಟಳು. ಎಲೆಯ ಅರೆಯಲ್ಲಿ ಪುಸ್ತಕ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತಿತ್ತು. ಕೋಟು ಬಂದ ಮೇಲೂ ನಾನು ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಜೊತೆಯವರು ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಒಂದು ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ. ಆಯಿ ಬಾಯಿಬಿಟ್ಟು ಹೇಳಿದಾಗ ನಾನು ನಂಬಲಿಲ್ಲ. ಅದೇ ಮಾತು ಇಂಗ್ಲಿಷಿನಲ್ಲಿ ಅಚ್ಚಾಗಿದ್ದನ್ನು ಕಂಡ ಮೇಲೆ ನಂಬಿದೆ. ಆಯಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲೇ ಇಲ್ಲ. ನನ್ನ ಮೊಮ್ಮಗಳ ಪುಸ್ತಕ ನಾನು ಹೇಳಿದ್ದನ್ನೇ ಹೇಳುತ್ತದೆ ಎಂದು ಸಾಯುವ ತನಕ ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು. ಅವಳ ಮುಂದೆ ಕೂತು ತಪ್ಪಾಯಿತು ಆಯಿ ಎನ್ನಲು ನನಗೆ ಕೊನೆಗೂ ಬಾಯಿ ಬರಲಿಲ್ಲ.

ಈಗ ನಾರುಹುಣ್ಣು ಕಾಣುವುದೇ ಅಪರೂಪ. ಆ ಪುಸ್ತಕದಲ್ಲಿರುವ ಎಷ್ಟೋ ಮಾತು ಹಳೆಯದಾಗಿದೆ. ಆದರೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದು, ಕಿಸೆಯಲ್ಲಿ ಯಾವ ಪುಸ್ತಕ ಇಟ್ಟುಕೊಳ್ಳಬೇಕು ಮೇಡಂ ಎಂದು ಕೇಳಿದಾಗ ಅದನ್ನೇ ಕೈಗೆ ಕೊಡುತ್ತೇನೆ. ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಆ ಬಿಳಿ ಗುರುತು ನೋಡಿ ಇದೇನು ಎನ್ನುತ್ತಾರೆ. ನಮ್ಮ ಆಯಿಗೆ ಬರೆಯಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ್ದಾಳೆ ಎನ್ನುತ್ತೇನೆ.